ಇಂಜಿನ್ನಿನಲ್ಲಿರುವವರೂ ದುಡಿಯುವವರೇ



“ಸಾಯಬೇಕೆಂದವರನ್ನು ಯಾರು ತಡೆದಾರು?” ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ರೈಲು ಹಳಿಯಲ್ಲಿ ಒಬ್ಬರು ಪ್ರಾಣ ಬಿಟ್ಟರೆ ಚಾಲಕರೂ ಸಹಾಯಕರೂ ಅದನ್ನು ಕಣ್ಣಾರೆ ಕಾಣಬೇಕಾಗುತ್ತದೆ. ಬ್ರೇಕ್ ಹಾಕಿದರೂ ವೇಗದ ಗಾಡಿ ಥಟ್ಟನೆ ನಿಲ್ಲದು. ತಪ್ಪು ಅವರದಲ್ಲ, ನಿದ್ದೆ ಕೆಡುವುದು ಮಾತ್ರ ಅವರದು. ಅಂಥವರನ್ನು ಕೂಡಲೇ ಗಾಡಿಯಿಂದಿಳಿಸಿ, ಸಂಬಳ ಕಡಿಯದೆ ರಜೆಯನ್ನೂ ಮನೋವೈದ್ಯರ ನೆರವನ್ನೂ ಕೊಡಬೇಕು. ಇದು ಭಿಕ್ಷೆಯಲ್ಲ, ಹಕ್ಕು.

ಬ್ರಿಟನ್ನಿನಲ್ಲಿ 2010ರಲ್ಲಿ ರೈಲ್ವೆಯವರು ಸಮಾರಿಟನ್ಸ್ ಸಂಸ್ಥೆಯೊಡನೆ ಸೇರಿ, ನೊಂದವರನ್ನು ಗುರುತಿಸಿ ಮಾತಾಡಿಸಲು ನೌಕರರಿಗೆ ತರಬೇತಿ ಕೊಡಿಸತೊಡಗಿದರು. ಮಾತಾಡಿಸಲು ನಮಗೇನು ಅಡ್ಡಿ? ನಮ್ಮ ದೇಶದಲ್ಲೂ 2022ರಿಂದ 14416ಕ್ಕೆ ಹಗಲಿರುಳು ಪುಕ್ಕಟೆಯಾಗಿ ಫೋನ್ ಮಾಡಬಹುದು. ಪಕ್ಕದ ಲೈನ್ ಮನೆಯಲ್ಲಿ ಯಾರಾದರೂ ಮಂಕಾಗಿ ಕೂತಿದ್ದರೆ ಉಪದೇಶ ಬೇಡ, ಪಕ್ಕದಲ್ಲಿ ಕೂತು “ಏನಾಯಿತಪ್ಪಾ?” ಎಂದು ಕೇಳೋಣ.