ಹುಂಜಕ್ಕೆ ಬ್ಲೇಡು ಬೇಡ

ಕಳೆದ ಮಳೆಗಾಲದಲ್ಲಿ ನಾವು ಆರು ಹುಂಜಮರಿಗಳ ಮೇಲೆ ಒಂದು ಪ್ರಯೋಗ ಮಾಡಿದೆವು. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಯುವಜನರ ಸಭೆಯಲ್ಲಿ ಎರಡು ಸಲ ಚರ್ಚೆಯಾಯಿತು. ನಮ್ಮ ಧರ್ಮಕೇಂದ್ರದ ಇನ್ನೂ ಮೂರ್ನಾಲ್ಕು ಮನೆಯವರು ಅದೇ ಕೆಲಸಕ್ಕೆ ಹೊರಟಿದ್ದಾರೆ ಎಂದು ಗೊತ್ತಾದ ಮೇಲೆ, ನಾಚಿಕೆ ಬದಿಗಿಟ್ಟು ಬರೆಯುತ್ತಿದ್ದೇವೆ.

ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಸಮಸ್ಯೆ ಇದು. ಹೇಂಟೆ ಕಾವಿಗೆ ಕೂತು ಹತ್ತು ಮರಿ ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ. ನಾಲ್ಕು ತಿಂಗಳು ದಾಟಿತೋ, ಒಂದು ಹಿತ್ತಿಲಲ್ಲಿ ಐದು ಹುಂಜ ನಿಲ್ಲುವುದಿಲ್ಲ. ಒಂದರ ತಲೆ ಇನ್ನೊಂದು ಕುಕ್ಕಿ ರಕ್ತ ಬರಿಸುತ್ತದೆ, ಹೇಂಟೆಗಳ ಬೆನ್ನಿನ ಗರಿ ಉಳಿಯುವುದಿಲ್ಲ, ಬೆಳಗ್ಗೆ ಮೂರೂವರೆಗೆ ಕೂಗು ಶುರು. ನೆರೆಮನೆಯವರ ಮುಖ ನೋಡುವ ಹಾಗಿಲ್ಲ. ಆಗಲೇ ಯಾರೋ ಬೈಕಿನಲ್ಲಿ ಬಂದು ನಿಲ್ಲುತ್ತಾರೆ, ಒಳ್ಳೆಯ ಜಗಳದ ಹುಂಜ ಇದೆಯಾ ಎಂದು ಕೇಳುತ್ತಾರೆ. ಕೋಳಿ ಅಂಕಕ್ಕೆ ಕೊಡುವ ರೇಟು ಮಾಂಸದ ರೇಟಿಗಿಂತ ಎಷ್ಟೋ ಹೆಚ್ಚು. ನಮ್ಮ ಮನೆಗಳಿಂದಲೂ ಹುಂಜಗಳು ಹಾಗೆ ಹೋಗಿವೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಇದಕ್ಕೆಲ್ಲ ಒಂದೇ ಮದ್ದು ಎಂದು ನಮ್ಮಲ್ಲೊಬ್ಬರು ಮೊಬೈಲಿನಲ್ಲಿ ತೋರಿಸಿದ್ದು ಕ್ಯಾಪನ್. ಅಂದರೆ ಬೀಜ ತೆಗೆದ ಹುಂಜ. ಅದು ಜಗಳವಾಡುವುದಿಲ್ಲ, ಹೇಂಟೆಯ ಹಿಂದೆ ಓಡುವುದಿಲ್ಲ, ಕೂಗುವುದೂ ಅಪರೂಪ. ಜುಟ್ಟು ಚಿಕ್ಕದಾಗಿ ಬಿಳಿಚಿಕೊಂಡೇ ಉಳಿಯುತ್ತದೆ. ತಿಂದದ್ದು ಮೈಗೆ ಹತ್ತಿ, ಮಾಂಸದ ಎಳೆಗಳ ನಡುವೆ ಕೊಬ್ಬು ಸೇರಿ ಮೆತ್ತಗಾಗುತ್ತದೆ. ಪೂರ್ವ ಫ್ರಾನ್ಸಿನ ಬ್ರೆಸ್ ಸೀಮೆಯಲ್ಲಿ ಇದು ಕ್ರಿಸ್ಮಸ್ ಹಬ್ಬದ ಊಟ. ಅಲ್ಲಿನ ಕೋಳಿಗೆ 1957ರಿಂದ ಕಾನೂನಿನ ರಕ್ಷಣೆಯಿದೆ, ಆ ಹೆಸರನ್ನು ಬೇರೆ ಊರಿನವರು ಬಳಸುವ ಹಾಗಿಲ್ಲ. ಕ್ಯಾಪನ್ ಆದರೆ ಕಡಿಮೆಯೆಂದರೂ ಎಂಟು ತಿಂಗಳು ಸಾಕಬೇಕು. ಹುಲ್ಲುಗಾವಲಿನಲ್ಲಿ ಬಿಟ್ಟು ಬೆಳೆಸಿ, ಕೊನೆಯ ವಾರಗಳಲ್ಲಿ ಮರದ ಪಂಜರದಲ್ಲಿಟ್ಟು ಜೋಳ, ಹಾಲು ಕೊಟ್ಟು, ಕೊಂದ ಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊಲಿದು ಮಾರುತ್ತಾರೆ. ನಮಗೂ ಆಸೆಯಾಯಿತು. ಚರ್ಚಿನ ವಾರ್ಷಿಕ ಹಬ್ಬದ ಏಲಂನಲ್ಲಿ ಅಂಥ ನಾಲ್ಕು ಹುಂಜ ಇಟ್ಟರೆ ಬಡ ಮಕ್ಕಳ ಫೀಸಿನ ನಿಧಿಗೆ ಒಳ್ಳೆಯ ಮೊತ್ತ ಬರುತ್ತದೆ ಎಂದು ಲೆಕ್ಕ ಹಾಕಿದೆವು.

ಹೋರಿಯ ಹಾಗೆ, ಹಂದಿಮರಿಯ ಹಾಗೆ ಹುಂಜದ ಬೀಜ ಹೊರಗೆ ಇರುವುದಿಲ್ಲ. ಅದು ಹೊಟ್ಟೆಯೊಳಗೆ, ಬೆನ್ನುಮೂಳೆಗೆ ತಾಗಿ, ಮೂತ್ರಪಿಂಡದ ಪಕ್ಕದಲ್ಲಿದೆ. ಆರೆಂಟು ವಾರದ ಮರಿಯಲ್ಲಿ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಕರುಳು ಖಾಲಿಯಾಗಲೆಂದು ಹಿಂದಿನ ದಿನದಿಂದ ಮೇವು ನಿಲ್ಲಿಸಿ, ಮರಿಯನ್ನು ರೆಕ್ಕೆ ಕಾಲು ಎಳೆದು ಕಟ್ಟಿ, ಕೊನೆಯ ಎರಡು ಪಕ್ಕೆಲುಬುಗಳ ನಡುವೆ ಕೊಯ್ದು, ಎಲುಬು ಅಗಲಿಸಿ, ಒಳಗಿನ ಪೊರೆ ಹರಿದು, ಇಣುಕಿ ನೋಡಿ ಎಳೆದು ತೆಗೆಯಬೇಕು. ಆಮೇಲೆ ಮಗ್ಗುಲು ಬದಲಿಸಿ ಇನ್ನೊಂದು. ಎರಡು ಬೀಜಗಳ ನಡುವೆಯೇ ದೊಡ್ಡ ರಕ್ತನಾಳ ಹರಿಯುತ್ತದೆ. ವೀಡಿಯೋದಲ್ಲಿ ಎಲ್ಲ ಎರಡು ನಿಮಿಷದ ಕೆಲಸ.

ನಮ್ಮ ಆರರಲ್ಲಿ ಎರಡು ಮೇಜಿನ ಮೇಲೆಯೇ ಸತ್ತವು. ಒಂದಕ್ಕೆ ಆ ರಕ್ತನಾಳ ಹರಿಯಿತು, ಕೈಯಲ್ಲೇ ತಣ್ಣಗಾಯಿತು. ಇನ್ನೊಂದಕ್ಕೆ ಏನಾಯಿತೆಂದೇ ತಿಳಿಯಲಿಲ್ಲ. ಮೂರನೆಯದು ಎರಡು ದಿನ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ನಿಂತು ಸತ್ತಿತು. ಬದುಕಿದ ಮೂರರಲ್ಲಿ ಒಂದರ ಚರ್ಮದಡಿ ಗಾಳಿ ತುಂಬಿ ಬಲೂನಿನಂತಾಯಿತು, ಸೂಜಿ ಚುಚ್ಚಿ ಬಿಡಬೇಕಾಯಿತು. ಅರಿವಳಿಕೆ ಇಲ್ಲ, ನೋವಿನ ಔಷಧ ಇಲ್ಲ. ನಮ್ಮೊಂದಿಗಿದ್ದ ಪಿಯುಸಿ ಹುಡುಗಿ ಎದ್ದು ಹೊರಗೆ ಹೋದವಳು ಆ ದಿನ ಮತ್ತೆ ಒಳಗೆ ಬರಲಿಲ್ಲ. ಮರುದಿನ ಮೃಗಾಸ್ಪತ್ರೆಗೆ ಹೋಗಿ ಹೇಳಿದಾಗ ಡಾಕ್ಟರು ಬೈಯಲಿಲ್ಲ. ನಿಮಗೆ ಇದು ಯಾಕೆ ಬೇಕಿತ್ತು ಎಂದಷ್ಟೇ ಮಲಯಾಳದಲ್ಲಿ ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ.

ಆ ಪ್ರಶ್ನೆಯ ಬಗ್ಗೆಯೇ ನಾವು ಯೋಚಿಸುತ್ತಾ ಬಂದದ್ದು. ಬ್ರೆಸ್‌ನವರಿಗೆ ಕ್ಯಾಪನ್ ಬೇಕು, ಯಾಕೆಂದರೆ ಅವರು ಇಡೀ ಕೋಳಿಯನ್ನು ಅದರ ಕೊಬ್ಬಿನಲ್ಲೇ ಓವನ್‌ನಲ್ಲಿ ಬೇಯಿಸುತ್ತಾರೆ. ನಾವು? ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಹುರಿದು ಅರೆದು, ತುಂಡು ಮಾಡಿ, ಗಂಟೆಗಟ್ಟಲೆ ಕುದಿಸುವವರು. ಊರ ಕೋಳಿಯ ಮಾಂಸ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು ಎಂದೇ ಹೆಚ್ಚು ದುಡ್ಡು ಕೊಟ್ಟು ತರುತ್ತೇವೆ. ಮೆತ್ತಗಿನದು ಬೇಕಾದವರಿಗೆ ಬ್ರಾಯ್ಲರ್ ಇದೆ. ಅದು ಸುಮಾರು ಆರು ವಾರಕ್ಕೇ ತಕ್ಕಡಿಗೆ ಬರುತ್ತದೆ, ಹುಂಜತನ ಬರುವ ಮೊದಲೇ. ಬೀಜ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ. ಹಾಗಾದರೆ ರೊಟ್ಟಿ ಸಾರಿಗೋಸ್ಕರ ಹೊಟ್ಟೆ ಕೊಯ್ಯುವುದು ಯಾವ ನ್ಯಾಯ?

ಇಂಜೆಕ್ಷನ್ ಕೊಟ್ಟು ಮಾಡಬಹುದಲ್ಲ ಎಂದರು ಕೆಲವರು. ಅಮೆರಿಕದಲ್ಲಿ ಕೋಳಿಯ ಕುತ್ತಿಗೆಯ ಚರ್ಮದಡಿ ಹಾರ್ಮೋನ್ ಗುಳಿಗೆ ಇಟ್ಟು ಹಾಗೆ ಮಾಡುತ್ತಿದ್ದರು. ತಿನ್ನುವವರ ಆರೋಗ್ಯಕ್ಕೆ ಅಪಾಯ ಎಂದು 1959ರಲ್ಲಿ ನಿಲ್ಲಿಸಿದರು. ಬೀಜ ತೆಗೆಯುವ ಆಪರೇಷನ್ ಬ್ರಿಟನ್‌ನಲ್ಲಿ ಕಾನೂನುಬಾಹಿರ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೀಜ ತೆಗೆಯುವುದನ್ನು ಹಿಂಸೆ ಎನ್ನುವುದಿಲ್ಲ, ಆದರೆ ನಿಗದಿಯಾದ ವಿಧಾನದಲ್ಲಿ ಮಾಡಿದರೆ ಮಾತ್ರ. ಅಡುಗೆಮನೆಯ ಮೇಜು ಮತ್ತು ಶೇವಿಂಗ್ ಬ್ಲೇಡು ಯಾವ ವಿಧಾನಕ್ಕೂ ಸೇರುವುದಿಲ್ಲ.

ನಮ್ಮ ವಾಳೆಯ ಗುರಿಕಾರ ಮಾಮ ಒಪ್ಪಲಿಲ್ಲ. "ಹಂದಿಮರಿಗೆ ಮಾಡುವಾಗ ನಿಮಗೆ ಕಣ್ಣೀರು ಬರುವುದಿಲ್ಲ, ಹುಂಜಕ್ಕೆ ಮಾತ್ರ ಎಂತದು ಮಾರಾಯ್ರೆ?" ಎಂದರು. ಮಾತಿನಲ್ಲಿ ಹುರುಳಿದೆ. ಹಂದಿಗೆ ಮಾಡದಿದ್ದರೆ ಮಾಂಸ ನಾರುತ್ತದೆ, ಅದು ನಿಜವಾದ ಕಾರಣ, ಆದರೂ ನೋವು ನೋವೇ. ಅಲ್ಲಿಯೂ ಔಷಧ ಕೊಟ್ಟು ಡಾಕ್ಟರರಿಂದಲೇ ಮಾಡಿಸಬೇಕು ಎನ್ನುವುದಕ್ಕೆ ನಾವು ತಯಾರು. ಇನ್ನೊಂದು ಮಾತನ್ನೂ ಅವರು ಹೇಳಿದರು: ಎಂಟು ತಿಂಗಳು ಹುಲ್ಲಿನಲ್ಲಿ ಓಡಾಡಿದ ಕ್ಯಾಪನ್ನಿನ ಬದುಕು, ಶೆಡ್ಡಿನಲ್ಲಿ ಕಾಲು ನಿಲ್ಲಲಾಗದೆ ಬೆಳೆದ ಬ್ರಾಯ್ಲರಿನ ಬದುಕಿಗಿಂತ ಎಷ್ಟೋ ಮೇಲು. ಭಾನುವಾರ ಬಲಿಪೂಜೆ ಮುಗಿಸಿ ನಾವೆಲ್ಲ ಬ್ರಾಯ್ಲರ್ ಅಂಗಡಿಯ ಕ್ಯೂನಲ್ಲೇ ನಿಲ್ಲುವವರು. ಇದಕ್ಕೆ ಎದುರು ಹೇಳುವಂಥದ್ದು ನಮ್ಮಲ್ಲಿ ಏನೂ ಇಲ್ಲ.

ಆದರೂ ಧರ್ಮಸಭೆಯ ಕ್ಯಾಟೆಕಿಸಂ ಇಟ್ಟಿರುವ ಗಡಿ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಪ್ರಾಣಿಯನ್ನು ಆಹಾರಕ್ಕೆ ಬಳಸುವುದು ತಪ್ಪಲ್ಲ ಎನ್ನುತ್ತದೆ ಅದು. ಅಗತ್ಯವಿಲ್ಲದೆ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದೂ ಹೇಳುತ್ತದೆ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ'ಯಲ್ಲಿ ಇದನ್ನೇ ನೆನಪಿಸಿದ್ದಾರೆ. ಅಗತ್ಯ ಎಂಬ ಮಾತಿನ ಹತ್ತಿರವೇ ನಮ್ಮ ಪ್ರಯೋಗ ಬಿದ್ದುಹೋಗುತ್ತದೆ. ಏಲಂನಲ್ಲಿ ಹೆಚ್ಚು ರೇಟು ಬರಲಿ ಎಂಬುದು ಅಗತ್ಯವಲ್ಲ, ಮಕ್ಕಳ ಫೀಸಿಗೇ ಆದರೂ.

ಹಾಗಾದರೆ ಹೆಚ್ಚಾದ ಹುಂಜಗಳನ್ನು ಏನು ಮಾಡುವುದು? ಈ ವರ್ಷ ನಾವು ಮಾಡಿ ನೋಡಿದ್ದು ಹೀಗೆ. ಮೂರು ತಿಂಗಳಾಗುವಾಗ ಹುಂಜಮರಿಗಳನ್ನೆಲ್ಲ ಒಟ್ಟಿಗೆ ಹೇಂಟೆಗಳಿಂದ ದೂರ, ಅಡಿಕೆ ತೋಟದ ಆಚೆ ಬದಿಯ ಗೂಡಿಗೆ ಹಾಕಿದೆವು. ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆ ಕಣ್ಣಿಗೆ ಬೀಳದಿದ್ದರೆ ಜಗಳ ಕಡಿಮೆ ಮಾಡುತ್ತವೆ. ಪೂರಾ ನಿಲ್ಲುವುದಿಲ್ಲ, ಮಧ್ಯಕ್ಕೆ ಹೊಸ ಹುಂಜ ತಂದು ಬಿಟ್ಟರಂತೂ ಕೆಟ್ಟಿತು. ರಾತ್ರಿ ಗೂಡಿಗೆ ಗೋಣಿ ಮುಚ್ಚಿ ಕತ್ತಲು ಮಾಡಿದರೆ ಕೂಗು ಬೆಳಕು ಹರಿಯುವವರೆಗೆ ತಡವಾಗುತ್ತದೆ. ನುಚ್ಚು, ತೌಡು, ತೆಂಗಿನ ಹಿಂಡಿ, ಗೆದ್ದಲು, ಇಷ್ಟೇ ಮೇವು. ಐದಾರು ತಿಂಗಳಿಗೆ, ಮಾಂಸ ತೀರಾ ಬಿರುಸಾಗುವ ಮೊದಲೇ ಕೊಟ್ಟುಬಿಡುವುದು. ಎಂಟು ತಿಂಗಳ ಮೇವಿನ ಖರ್ಚೂ ಉಳಿಯಿತು.

ಅಂಕದವರಿಗೆ ಕೊಡುವುದಿಲ್ಲ ಎಂಬುದು ಎರಡನೆಯದು, ಇದೇ ಕಷ್ಟದ್ದು. ಪ್ರಾಣಿಗಳನ್ನು ಕಾದಾಡಿಸುವುದು ಅದೇ 1960ರ ಕಾಯ್ದೆಯಡಿ ಅಪರಾಧ ಎಂದು ಎಲ್ಲರಿಗೂ ಗೊತ್ತು, ದುಡ್ಡು ಎದುರಿಗೆ ಬಂದಾಗ ಮರೆತುಹೋಗುತ್ತದೆ. ಮನೆಯಲ್ಲಿ ಕಷ್ಟ ಇರುವವರಿಗೆ ಇದನ್ನು ನಾವು ಉಪದೇಶದ ಹಾಗೆ ಹೇಳಿದರೆ ಸರಿಯಾಗುವುದಿಲ್ಲ. ಆದ್ದರಿಂದ ಹುಂಜಗಳನ್ನು ಮಾಂಸದ ನ್ಯಾಯವಾದ ರೇಟಿಗೆ ಯುವಜನರೇ ಕೊಂಡು, ಏಲಂಗೂ ಕ್ರಿಸ್ಮಸ್‌ಗೂ ಬೇಕಾದ ಮನೆಗಳಿಗೆ ಮುಟ್ಟಿಸುತ್ತೇವೆ. ಕೊಡುವವರು ನವೆಂಬರ್ ಕೊನೆಯ ಭಾನುವಾರದೊಳಗೆ ತಮ್ಮ ವಾಳೆಯ ಗುರಿಕಾರರಲ್ಲಿ ಹೇಳಬೇಕು. ಗುರಿಕಾರ ಮಾಮ ಮೊದಲ ಹೆಸರಾಗಿ ತನ್ನದನ್ನೇ ಬರೆಸಿದ್ದಾರೆ, ಐದು ಹುಂಜ.

ಬದುಕಿದ ಆ ಮೂರರ ಕಥೆ ಕೇಳುವವರಿದ್ದಾರೆ. ಎರಡು ನಿಜವಾಗಿಯೂ ಕ್ಯಾಪನ್ ಆದವು, ಸಾಧುವಾಗಿ ಓಡಾಡುತ್ತವೆ. ಮೂರನೆಯದರ ಒಳಗೆ ಬೀಜದ ಒಂದು ಚೂರು ಉಳಿದಿತ್ತು ಎಂದು ಕಾಣುತ್ತದೆ. ಹಾಗೆ ಉಳಿದರೆ ಅದು ಮತ್ತೆ ಬೆಳೆಯುತ್ತದಂತೆ. ಐದನೆಯ ತಿಂಗಳಿಗೆ ಜುಟ್ಟು ಕೆಂಪಾಯಿತು, ಒಂದು ಬೆಳಗ್ಗೆ ಗೂಡಿನ ಮೇಲೆ ಹತ್ತಿ ಕೂಗಿಯೇಬಿಟ್ಟಿತು. ನಾಲ್ಕು ಶುಭಸಂದೇಶಗಳಲ್ಲೂ ಪೇತ್ರನಿಗೆ ಕೇಳಿದ ಕೂಗು. ಅದನ್ನು ಏಲಂಗೆ ಕೊಡಲು ನಮ್ಮಲ್ಲಿ ಯಾರಿಗೂ ಇನ್ನೂ ಮನಸ್ಸಾಗಿಲ್ಲ.