ಹಿತ್ತಲ ಸರ್ವರ್ ಮದ್ದಲ್ಲವೇ?

ಧಾರವಾಡದಲ್ಲಿ ಒಟ್ಟಿಗೆ ಓದಿದ ಆರು ಮಂದಿ ಗೆಳೆಯರು ಎಂದಿಟ್ಟುಕೊಳ್ಳಿ. ಕೆಲಸದ ಬೆನ್ನು ಹತ್ತಿ ಒಬ್ಬ ಪುಣೆಗೆ, ಒಬ್ಬಳು ಚೆನ್ನೈಗೆ, ಇಬ್ಬರು ಹೈದರಾಬಾದಿಗೆ, ಒಬ್ಬ ದೆಹಲಿಗೆ ಹೋಗಿದ್ದಾರೆ. ಒಬ್ಬ ಊರಲ್ಲೇ ಉಳಿದಿದ್ದಾನೆ. ಶನಿವಾರ ರಾತ್ರಿ ಆರೂ ಮಂದಿ ಸೇರುವುದು ಮೈನ್‌ಕ್ರಾಫ್ಟ್‌ನಲ್ಲಿ. ಎರಡು ವರ್ಷದಲ್ಲಿ ಅಲ್ಲೊಂದು ಊರನ್ನೇ ಕಟ್ಟಿದ್ದಾರೆ. ಅದಿರುವುದು ಬಾಡಿಗೆ ಸರ್ವರ್‌ನಲ್ಲಿ. ಒಂದು ತಿಂಗಳು ಬಾಡಿಗೆ ಕಟ್ಟುವವನ ಕಾರ್ಡಿನ ಅವಧಿ ಮುಗಿಯುತ್ತದೆ, ನೆನಪಿಸುವ ಮೇಲ್ ಸ್ಪ್ಯಾಮಿಗೆ ಬೀಳುತ್ತದೆ, ಕೆಲಸದ ಒತ್ತಡದಲ್ಲಿ ಮೂರು ವಾರ ಯಾರೂ ಅತ್ತ ತಲೆ ಹಾಕುವುದಿಲ್ಲ. ನಾಲ್ಕನೇ ವಾರ ಹೋಗಿ ನೋಡಿದರೆ ಊರೇ ಇಲ್ಲ. ಬಾಡಿಗೆ ನಿಂತ ಮೇಲೆ ಕೆಲವು ದಿನ ಕಾದು ಫೈಲುಗಳನ್ನು ಅಳಿಸುವುದು ಆ ವ್ಯಾಪಾರದಲ್ಲಿ ಮಾಮೂಲು. ಕರಾರಿನಲ್ಲಿ ಅದನ್ನು ಬರೆದೂ ಇರುತ್ತಾರೆ. ಓದಿದವರು ಯಾರು?

ಈ ಗುಂಪು ಕಲ್ಪನೆಯದು, ಆದರೆ ಇಂಥ ನಷ್ಟ ಕಲ್ಪನೆಯದಲ್ಲ. ಆದರೂ ಸರ್ವರ್ ಮನೆಯಲ್ಲಿಡಬೇಕೋ ಬಾಡಿಗೆಗೆ ಹಿಡಿಯಬೇಕೋ ಎಂದು ಯಾರಾದರೂ ಕೇಳಿದರೆ ಬಲ್ಲವರ ಬಾಯಲ್ಲಿ ಬರುವ ಮಾತು ಒಂದೇ: ಮನೆಯದು ತಲೆನೋವು, ತಿಂಗಳಿಗಿಷ್ಟು ಎಂದು ಕೊಟ್ಟು ಸುಮ್ಮನಿರು. ಹತ್ತು ಮಂದಿಯೊಳಗಿನ ಗೆಳೆಯರ ಗುಂಪಿಗೆ ಈ ಬುದ್ಧಿಮಾತು ತಪ್ಪು. ಅಂಥ ಗುಂಪಿನ ಸರ್ವರ್ ಇರಬೇಕಾದ್ದು ಗುಂಪಿನವರಲ್ಲೇ ಒಬ್ಬರ ಮನೆಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಳೆಯ ಚಾಳಿ ಇಲ್ಲೂ ಕೆಲಸ ಮಾಡುತ್ತಿದೆ.

ಮೊದಲು ಬಾಡಿಗೆಯವರು ಏನು ಮಾರುತ್ತಾರೆಂದು ನೋಡಬೇಕು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿರುವುದು ರ‍್ಯಾಮ್: ನಾಲ್ಕು ಜಿಬಿಗೆ ಇಷ್ಟು, ಎಂಟು ಜಿಬಿಗೆ ಇಷ್ಟು. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಬಾರಿ ಇಡೀ ಲೋಕದ ಲೆಕ್ಕ ಹಾಕುತ್ತದೆ. ಒಂದೊಂದು ಸುತ್ತಿಗೆ ಅದಕ್ಕೆ ಸಿಗುವುದು 50 ಮಿಲಿಸೆಕೆಂಡು. ಆ ಲೆಕ್ಕದ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ ಮೇಲೆ ನಡೆಯುತ್ತದೆ. ಸಾಕಷ್ಟು ರ‍್ಯಾಮ್ ಇದ್ದ ಮೇಲೆ ಆಟ ಸರಾಗವಾಗಿ ಓಡುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಒಂದು ಕೋರಿನ ವೇಗ. ಅಗ್ಗದ ಯೋಜನೆಗಳಲ್ಲಿ ಅದೇ ಕೋರನ್ನು ಬೇರೆ ಬಾಡಿಗೆದಾರರೂ ಹಂಚಿಕೊಂಡಿರುತ್ತಾರೆ. ಎಷ್ಟು ಮಂದಿ ಎಂಬುದು ಜಾಹೀರಾತಿನಲ್ಲಿರುವುದಿಲ್ಲ. ಶನಿವಾರ ರಾತ್ರಿ ಎಲ್ಲರೂ ಒಟ್ಟಿಗೆ ಆಡಲು ಕೂತಾಗ ಹಂದಿ ಕೋಳಿಗಳೆಲ್ಲ ನಿಂತಲ್ಲೇ ನಡುಗುವುದು ಹೀಗೆ. ಆಗ ಬರುವ ಸಲಹೆ, ಇನ್ನೂ ದೊಡ್ಡ ಯೋಜನೆಗೆ ಹೋಗಿ, ಇನ್ನಷ್ಟು ರ‍್ಯಾಮ್ ಕೊಳ್ಳಿ ಎಂದು.

ಇನ್ನು ದೂರದ ಮಾತು. ಅಗ್ಗದ ಸರ್ವರ್‌ಗಳು ಎಷ್ಟೋ ಬಾರಿ ಯುರೋಪಿನಲ್ಲಿರುತ್ತವೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ನೇರ ದಾರಿಯಲ್ಲಿ ಸುಮಾರು 7,400 ಕಿಲೋಮೀಟರ್. ಹೋಗಿ ಬರಲು ಕಡಿಮೆಯೆಂದರೂ 74 ಮಿಲಿಸೆಕೆಂಡು ಬೇಕು, ಕೇಬಲ್ ಸುತ್ತಿ ಬಳಸಿ ಬರುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ದೆಹಲಿಯಿಂದ ಚೆನ್ನೈಗಾದರೆ ಇದೇ ಲೆಕ್ಕದಲ್ಲಿ 18 ಸಾಕು. ಪುಣೆಯ ಗೆಳೆಯನ ಕಪಾಟಿನ ಮೇಲಿರುವ ಹಳೆಯ ಲ್ಯಾಪ್‌ಟಾಪ್ ಈ ಆರು ಮಂದಿಗೂ ಜರ್ಮನಿಗಿಂತ ಹತ್ತಿರ. ಮುಂಬೈಯಲ್ಲೂ ಬಾಡಿಗೆ ಸರ್ವರ್‌ಗಳು ಸಿಗುತ್ತವೆ, ನಿಜ. ಆದರೆ ಅಗ್ಗ ಎಂಬ ವಾದ ಆಗ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಕರೆಂಟ್ ಬಿಲ್ಲಿನ ಹೆದರಿಕೆಯನ್ನೂ ಲೆಕ್ಕ ಹಾಕಿಯೇ ನೋಡಬಹುದು. ಪರದೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಸರಾಸರಿ 20 ವಾಟ್ ತಿಂದರೆ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 14 ಅಥವಾ 15 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 120 ರೂಪಾಯಿ ದಾಟುವುದಿಲ್ಲ. ಆಟ ಮುಗಿದ ಮೇಲೆ ಆರಿಸಿಟ್ಟರೆ ಅದೂ ಉಳಿಯುತ್ತದೆ. ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ರೌಟರಿಗೆ ಒಂದು ಪುಟ್ಟ ಯುಪಿಎಸ್ ತಂದರಾಯಿತು. ಅಪ್‌ಲೋಡ್ ವೇಗ ಸಾಲದು ಎನ್ನುವವರಿದ್ದಾರೆ. ಒಬ್ಬ ಆಟಗಾರನಿಗೆ ಸೆಕೆಂಡಿಗೆ ಒಂದು ಮೆಗಾಬಿಟ್ ಎಂದು ಧಾರಾಳವಾಗಿ ಹಿಡಿದರೂ ಹತ್ತು ಮಂದಿಗೆ ಹತ್ತು ಮೆಗಾಬಿಟ್. ಇವತ್ತಿನ ಫೈಬರ್ ಸಂಪರ್ಕಕ್ಕೆ ಅದು ಹೊರೆಯಲ್ಲ.

ಮನೆ ಸರ್ವರ್ ವಿರುದ್ಧ ನಿಜವಾದ ತೂಕವಿರುವ ಆಕ್ಷೇಪ ಬೇರೆ ಇದೆ. ಭಾರತದಲ್ಲಿ ಎಷ್ಟೋ ಮನೆಗಳ ಇಂಟರ್ನೆಟ್ಟಿಗೆ ಸ್ವಂತ ಐಪಿ ವಿಳಾಸವೇ ಇಲ್ಲ. ಹಳೆಯ ಮಾದರಿಯ ವಿಳಾಸಗಳು ಜಗತ್ತಿನಲ್ಲೇ ಸಾಲದಾಗಿರುವುದರಿಂದ ಕಂಪನಿಗಳು ಒಂದೇ ವಿಳಾಸದ ಹಿಂದೆ ಬಹಳ ಮನೆಗಳನ್ನು ಕೂರಿಸುತ್ತವೆ. ಸಿಜಿನ್ಯಾಟ್ ಎನ್ನುವುದು ಇದಕ್ಕೇ. ವಠಾರದ ಎಲ್ಲ ಮನೆಗೂ ಒಂದೇ ಅಂಚೆಪೆಟ್ಟಿಗೆ ಇದ್ದ ಹಾಗೆ: ಒಳಗಿನವರು ಪತ್ರ ಬರೆಯಬಹುದು, ಹೊರಗಿನವರು ನೇರವಾಗಿ ಬಾಗಿಲು ತಟ್ಟುವ ಹಾಗಿಲ್ಲ. ರೌಟರಿನಲ್ಲಿ 25565 ಎಂಬ ಪೋರ್ಟ್ ತೆರೆದಿಟ್ಟು ರಾತ್ರಿಯಿಡೀ ಕಾದರೂ ಗೆಳೆಯರು ಒಳಗೆ ಬರಲಾಗದೆ, ಕೈಚೆಲ್ಲಿ ಬಾಡಿಗೆಗೆ ಹೋದವರು ಬಹಳ.

ಆದರೆ ಇದಕ್ಕೆ ದಾರಿಗಳಿವೆ. ಕಂಪನಿಗೆ ಹೆಚ್ಚುವರಿ ಹಣ ಕಟ್ಟಿ ಸ್ವಂತ ಸ್ಥಿರ ವಿಳಾಸ ಕೇಳಬಹುದು. ಎಲ್ಲರ ಸಂಪರ್ಕದಲ್ಲೂ ಐಪಿವಿ6 ಇದ್ದರೆ ಅದರ ಮೂಲಕ ನೇರವಾಗಿ ಬರಬಹುದು. ಎರಡೂ ಆಗದಿದ್ದರೆ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲವನ್ನು ಆರೂ ಮಂದಿ ಹಾಕಿಕೊಂಡರೆ ಐದು ಊರಿನ ಕಂಪ್ಯೂಟರುಗಳು ಒಂದೇ ಮನೆಯಲ್ಲಿದ್ದ ಹಾಗೆ ಮಾತಾಡುತ್ತವೆ. ಈ ಕೊನೆಯ ದಾರಿಯಲ್ಲಿ ಪೋರ್ಟನ್ನೇ ತೆರೆಯಬೇಕಿಲ್ಲ. ಹೊರಗಿನವರಿಗೆ ಬಾಗಿಲು ಕಾಣಿಸುವುದೂ ಇಲ್ಲ. ಕಲಿಯಲು ಒಂದು ಭಾನುವಾರ ಸಾಕು.

ಸುರಕ್ಷತೆಯ ಹೆಸರಿನಲ್ಲಿ ಹೆದರಿಸುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 2021ರ ಡಿಸೆಂಬರಿನಲ್ಲಿ ಲಾಗ್4ಶೆಲ್ ಎಂಬ ದೋಷ ಬಯಲಾದಾಗ ಮೈನ್‌ಕ್ರಾಫ್ಟ್‌ನ ಚಾಟ್‌ನಲ್ಲಿ ಒಂದು ಸಾಲು ಬರೆದೇ ಸರ್ವರನ್ನು ವಶಮಾಡಿಕೊಳ್ಳಬಹುದಿತ್ತು. ಸರ್ವರ್ ಇರುವ ಯಂತ್ರದಲ್ಲೇ ಬ್ಯಾಂಕಿನ ಪಾಸ್‌ವರ್ಡ್ ಇಟ್ಟುಕೊಂಡವನಿಗೆ ಅದು ಚೆಲ್ಲಾಟದ ವಿಷಯವಲ್ಲ. ಆದ್ದರಿಂದ ಸರ್ವರಿಗೆ ಬೇರೆಯೇ ಹಳೆಯ ಯಂತ್ರವಿರಬೇಕು, ಗೆಳೆಯರ ಹೆಸರುಗಳಷ್ಟೇ ಇರುವ ಅನುಮತಿ ಪಟ್ಟಿ ಇರಬೇಕು, ಆಟವನ್ನು ಕಾಲಕಾಲಕ್ಕೆ ಹೊಸದು ಮಾಡುತ್ತಿರಬೇಕು. ಆದರೆ ಈ ಪಟ್ಟಿ ಮತ್ತು ಈ ಹೊಸದು ಮಾಡುವ ಕೆಲಸ ಬಾಡಿಗೆ ಸರ್ವರಿನಲ್ಲೂ ಹೆಚ್ಚಿನ ಕಡೆ ಬಾಡಿಗೆದಾರನ ತಲೆಯ ಮೇಲೇ ಇರುತ್ತದೆ. ಹಣ ಕೊಟ್ಟ ಮಾತ್ರಕ್ಕೆ ಆ ಹೊಣೆ ಬೇರೆಯವರ ಹೆಗಲಿಗೆ ಹೋಗುವುದಿಲ್ಲ.

ಬಾಡಿಗೆ ಸರಿಯಾಗುವ ಜಾಗವೂ ಇದೆ. ನೂರಾರು ಅಪರಿಚಿತರಿಗೆ ತೆರೆದಿಟ್ಟ ಸಾರ್ವಜನಿಕ ಸರ್ವರನ್ನು ಯಾರೂ ಮನೆಯಲ್ಲಿಡಬಾರದು. 2016ರಲ್ಲಿ ಇಂಟರ್ನೆಟ್ಟನ್ನೇ ಅಲ್ಲಾಡಿಸಿದ ಮಿರಾಯ್ ಎಂಬ ದಾಳಿಯ ಜಾಲದ ಬೇರುಗಳಲ್ಲಿ ಒಂದು ಮೈನ್‌ಕ್ರಾಫ್ಟ್ ಸರ್ವರ್‌ಗಳ ವ್ಯಾಪಾರದ ಪೈಪೋಟಿಯಲ್ಲಿತ್ತು. ಅದನ್ನು ಕಟ್ಟಿದ ಮೂವರು ತರುಣರು 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅಂಥ ದಾಳಿಯನ್ನು ಮನೆಯ ಫೈಬರ್ ತಡೆಯಲಾರದು. ಅಲ್ಲಿ ಬಾಡಿಗೆ ಕೊಳ್ಳುವುದು ರಕ್ಷಣೆಯನ್ನು. ಆರು ಮಂದಿ ಗೆಳೆಯರು ಅದೇ ಬೆಲೆ ತೆತ್ತು ಕೊಳ್ಳುತ್ತಿರುವುದು ಬರೀ ಸೋಮಾರಿತನವನ್ನು.

ಇದರಿಂದ ಹೋಗುವುದು ತಿಂಗಳಿಗೆ ಕೆಲವು ನೂರು ರೂಪಾಯಿ ಮಾತ್ರವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಸರ್ವರ್ ಎಂದರೆ ಎಲ್ಲೋ ದೂರದಲ್ಲಿ ಬೇರೆ ಯಾರೋ ನಡೆಸುವ ವಸ್ತು ಎಂಬ ಅಭ್ಯಾಸ ಬಲವಾದಷ್ಟೂ, ಸರ್ವರ್ ಪ್ರೋಗ್ರಾಮನ್ನು ಕೊಡುವುದೇ ಬೇಡ ಎಂದು ತೀರ್ಮಾನಿಸಲು ಆಟದ ಕಂಪನಿಗಳಿಗೆ ಸುಲಭವಾಗುತ್ತದೆ. 1996ರಲ್ಲಿ ಬಂದ ಕ್ವೇಕ್ ಆಟದ ಸರ್ವರನ್ನು ಕೊಂಡವರೇ ನಡೆಸಬಹುದಿತ್ತು. ಅದರ ಮೂಲ ಕೋಡ್ 1999ರಲ್ಲಿ ಹೊರಬಂತು. ಅದಕ್ಕೆಂದೇ ಅದು ಇವತ್ತಿಗೂ ಬದುಕಿದೆ. ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದ ತಲೆಮಾರಿಗೆ ಸರ್ವರ್ ಎಂದರೆ ಪಕ್ಕದ ಮೇಜಿನ ಕಂಪ್ಯೂಟರು. 2014ರಲ್ಲಿ ಬಂದ ದಿ ಕ್ರೂ ಎಂಬ ಕಾರು ಓಟದ ಆಟಕ್ಕೆ ಆ ಭಾಗ್ಯ ಇರಲಿಲ್ಲ. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ತೆರೆಯದ ಡಬ್ಬಿ. ಮನೆಯಲ್ಲಿಡಬೇಕೋ ಬಾಡಿಗೆಗೆ ಹಿಡಿಯಬೇಕೋ ಎಂದು ಕೇಳುವ ಅವಕಾಶವೂ ಅವರಿಗಿರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಭಾರತದವರಿಗೆ ಈ ಪಾಠ ಹೊಸದಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು, ಅಕ್ಟೋಬರ್ 30ಕ್ಕೆ ಇಲ್ಲಿನವರಿಗೆ ಅದರ ಸರ್ವರ್ ಮುಚ್ಚಿತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಲಾಕ್‌ಡೌನಿನಲ್ಲಿ ಆ ಆಟದೊಳಗೇ ಭೇಟಿಯಾಗುತ್ತಿದ್ದ ಲೆಕ್ಕವಿಲ್ಲದ ಗುಂಪುಗಳಿಗೆ ತಮ್ಮದೆಂದು ಹೇಳಿಕೊಳ್ಳಲು ಒಂದು ಫೈಲೂ ಉಳಿಯಲಿಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಸಿಟಿ ಆಫ್ ಹೀರೋಸ್ ಎಂಬ ಆಟವನ್ನು ಎನ್‌ಸಿಸಾಫ್ಟ್ 2012ರ ನವೆಂಬರಿನಲ್ಲಿ ಮುಚ್ಚಿತು. ಆಟಗಾರರು ಗುಟ್ಟಾಗಿ ಸರ್ವರ್ ನಡೆಸಿಕೊಂಡು ಬಂದದ್ದು 2019ರಲ್ಲಿ ಬಯಲಾಯಿತು. 2024ರ ಜನವರಿಯಲ್ಲಿ ಅದೇ ಕಂಪನಿ ಹೋಮ್‌ಕಮಿಂಗ್ ಎಂಬ ಆಟಗಾರರ ತಂಡಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು. ಯೂರೋಪಿನಲ್ಲಿ ಆಟಗಳನ್ನು ಕೊಲ್ಲುವುದನ್ನು ನಿಲ್ಲಿಸಿ ಎಂಬ ಅಭಿಯಾನಕ್ಕೆ 2025ರ ಜುಲೈ ಹೊತ್ತಿಗೆ ಬಿದ್ದ ಸಹಿಗಳು ಹತ್ತು ಲಕ್ಷ ದಾಟಿದವು. ಸರ್ವರ್ ನಡೆಸಲು ಗೊತ್ತಿರುವ ಜನ ಇದ್ದದ್ದರಿಂದಲೇ ಆ ಆಟ ಉಳಿಯಿತು. ಬೇಡಿಕೆಗೆ ಬಲ ಬರುವುದೂ ಅಂಥವರಿಂದಲೇ. ಕೈಗೆ ಬಂದರೂ ನಡೆಸಲು ಬಾರದ ವಸ್ತುವನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ಪರಊರಿನಲ್ಲಿ ಹನ್ನೊಂದು ತಿಂಗಳ ಕರಾರಿನ ಮನೆಗಳಲ್ಲಿ ಬದುಕುವವರಿಗೆ ಬಾಡಿಗೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಕೇಳಬೇಕು. ಮನೆಯ ವಿಷಯದಲ್ಲಿ ಬೇರೆ ದಾರಿಯಿಲ್ಲದಿರಬಹುದು. ಆಟದ ವಿಷಯದಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಕಪಾಟಿನ ಮೇಲೆ ಇದ್ದೇ ಇದೆ. ಬಾಡಿಗೆಯೇ ಬೇಕೆನ್ನುವವರು ಕಡೇಪಕ್ಷ ವಾರಕ್ಕೊಮ್ಮೆ ಆ ಲೋಕದ ಫೋಲ್ಡರನ್ನು ಇಳಿಸಿಕೊಂಡು ಇಬ್ಬರ ಮನೆಯಲ್ಲಾದರೂ ಇಡಲಿ. ಹೊಸ ಆಟ ಕೊಳ್ಳುವ ಮೊದಲು ಇದರ ಸರ್ವರನ್ನು ಆಡುವವರೇ ನಡೆಸಬಹುದೇ ಎಂದು ಒಂದು ಪ್ರಶ್ನೆ ಕೇಳಲಿ. ಇಲ್ಲ ಎಂಬ ಉತ್ತರ ಬಂದರೆ, ಆ ಆಟಕ್ಕೆ ಕೊಡುವ ಹಣ ಬೆಲೆಯಲ್ಲ, ಮುಂಗಡ ಬಾಡಿಗೆ. ಮನೆ ಖಾಲಿ ಮಾಡಿಸುವ ದಿನವನ್ನು ಮಾತ್ರ ಕರಾರಿನಲ್ಲಿ ಬರೆದಿಲ್ಲ.