ಗಾಲಿ ತೊಗೊಳ್ಳೂ ಮುಂಚೆ ಗಾಳಿ ನೋಡ್ರಿ

ನಮ್ಮ ಭಿಶಿ ಒಳಗ ಈ ಸಲದ ಪಾಳಿ ನಾನ ಬೇಡಿ ತೊಗೊಂಡೆ, ನಿಮಗೆಲ್ಲಾ ಗೊತ್ತದ. ಯಾಕ ಅಂತ ಕೇಳಿದಾಗ "ಮಗಳ ಸೈಕಲ್ ಗಾಲಿ ಸಲುವಾಗಿ" ಅಂದೆ. ಕೆಳಗಿನ ಮನಿ ವೈನಿ ಚಹಾದ ಕಪ್ಪು ಕೈಯಾಗ ಹಿಡಕೊಂಡು ಹಂಗ ನನ್ನ ಮಾರಿ ನೋಡಿದ್ರು. "ಗಾಲಿಗೆ ಅರವತ್ತು ಸಾವಿರನ? ಕಿವಿಯಾಗಿಂದು ಒಂದು ಜೋಡಿ ಬರ್ತಿತ್ತಲ್ಲ!" ಅಂದ್ರು. ಆವತ್ತು ಚಕ್ಕುಲಿ ತಾಟು ಮುಂದ ಸರಿಸಿ ಮಾತು ಹಾರಿಸಿದೆ. ಇವತ್ತು ಉತ್ತರ ಕೊಡ್ತೀನಿ. ಆದ್ರ ಮೊದಲ ಒಂದು ಮಾತು: ಮಗಳು ಕೇಳಿದ ಗಾಲಿ ನಾ ಕೊಡಿಸಲೇ ಇಲ್ಲ, ಬ್ಯಾರೇದು ಕೊಡಿಸೀನಿ. ಅದಕ್ಕ ಆಕಿ ಹದಿನೈದು ದಿವಸ ನನ್ನ ಜೋಡಿ ಸರಿಯಾಗಿ ಮಾತಾಡಿಲ್ಲ.

ಆಕಿ ಹೋಗಬೇಕಂತಿರೋದು ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ. 2019ರಿಂದ ಪಣಜಿಯೊಳಗ ನಡೀತದ, ಮಳೆಗಾಲ ಮುಗಿದ ಮ್ಯಾಲೆ. ಸಮುದ್ರದಾಗ 1.9 ಕಿಲೋಮೀಟರ್ ಈಸಬೇಕು, ಹಂಗ ಒದ್ದಿ ಮೈಲೇ 90 ಕಿಲೋಮೀಟರ್ ಸೈಕಲ್ ಹೊಡೀಬೇಕು, ಇಳದು 21.1 ಕಿಲೋಮೀಟರ್ ಓಡಬೇಕು. ಎಲ್ಲಾ ಕೂಡಿಸಿದ್ರ 113 ಕಿಲೋಮೀಟರ್, ಮೈಲಿನ ಲೆಕ್ಕಕ್ಕ 70.3. ಹೆಸರು ಅದರಿಂದ ಬಂದದ.

ವಿಜಯಪುರ, ಬಾಗಲಕೋಟಿ ಕಡೆ ಸೈಕಲ್ ರೇಸ್ ನೋಡಿದವರಿಗೆ ಗೊತ್ತಿರ್ತದ, ಅಲ್ಲಿ ಹುಡುಗೂರು ಒಬ್ಬರ ಹಿಂದ ಒಬ್ಬರು ಅಂಟಿಕೊಂಡು ಹೋಗ್ತಾರ. ಮುಂದಿನಾಂವ ಗಾಳಿ ತಿಂತಾನ, ಹಿಂದಿನಾಂವ ಆರಾಮ ಇರ್ತಾನ. ಐರನ್‌ಮ್ಯಾನ್‌ದಾಗ ಹಂಗ ಮಾಡೂಹಂಗಿಲ್ಲ, ಮಾಡಿದ್ರ ದಂಡ ಅದ. 90 ಕಿಲೋಮೀಟರ್ ಗಾಳಿನೂ ತಾನ ಒಬ್ಬಾಕಿ ಸೀಳಬೇಕು. ಈ ಗಾಳಿ ಲೆಕ್ಕ ಭಾಳ ಕೆಟ್ಟದ್ದು. ತಾಸಿಗೆ 20 ಹೋಗಾಕಿ 40 ಹೋಗತೀನಿ ಅಂದ್ರ ಗಾಳಿಗೆ ಹಾಕೋ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು ಬೇಕು. ಹಿಂಗಾಗಿ ಗಾಲಿ ಮಾಡಾವರು ರಿಮ್ಮನ್ನ ಕಾರ್ಬನ್‌ದಾಗ ಎತ್ತರ ಮಾಡಿ, ಗಾಳಿ ನುಣ್ಣಗ ಹರದು ಹೋಗೂಹಂಗ ಮಾಡ್ಯಾರ. 50 ಮಿಲಿಮೀಟರ್ ಎತ್ತರದ್ದು ಅದ, 60ರದ್ದು ಅದ, 80ರದ್ದು ಅದ. ಕಡೀಕ ಸ್ಪೋಕೇ ಕಾಣದ ಪೂರ್ತಿ ತಾಟಿನಂಥಾದ್ದೂ ಅದ, ಡಿಸ್ಕ್ ಅಂತಾರ.

ಮಗಳಿಗೆ ಮುಂದ ಹಿಂದ ಎರಡೂ 80ರದ್ದ ಬೇಕಾಗಿತ್ತು. ಒಂದು ಲಕ್ಷ ಎಂಬತ್ತು ಸಾವಿರ. ಅರ್ಧ ತಾನು ಹಾಕ್ತೀನಿ, ಅರ್ಧ ನೀ ಕೊಡು ಅಂದ್ಲು.

ಆಷಾಢದಾಗ ಆಕಿ ಮನಿಗೆ ಬಂದಾಗ ಆಫೀಸಿನ ಗೆಳ್ಯಾನ ಕಡೆಯಿಂದ 80ರ ಗಾಲಿ ಎರವಲು ತಂದಿದ್ಲು. ಸವದತ್ತಿ ರಸ್ತೆಕ್ಕ ಹೊಂಟಾಗ ನಾನೂ ಸ್ಕೂಟಿ ತೊಗೊಂಡು ಹಿಂದ ಹೋದೆ, ಬಾಳೆಹಣ್ಣು ನೀರು ಇಟಗೊಂಡು. ಆಷಾಢದ ಗಾಳಿ ನಮ್ಮ ಕಡೆ ಹ್ಯಾಂಗಿರ್ತದ ನಿಮಗೇನು ಹೇಳೂದು. ಎರಡೂ ಕಡೆ ಬಯಲು ಎರಿ ಹೊಲ, ಒಂದು ಗಿಡ ಅಡ್ಡ ಇಲ್ಲ. ಆಕಿ ಮುಂದಿನ ಹಿಡಿಕಿ ಮ್ಯಾಲೆ ಮೊಳಕೈ ಊರಿ ಬಗ್ಗಿ ಹೊಂಟಿದ್ಲು. ಒಂದು ಲಾರಿ ಬಾಜೂಕ ದಾಟಿತು. ಲಾರಿ ಮರೀಗೆ ಇದ್ದಷ್ಟು ಹೊತ್ತು ಗಾಳಿ ಇದ್ದಿಲ್ಲ. ಅದು ಮುಂದ ಹೋದ ಕೂಡಲೇ ಗಾಳಿ ಒಮ್ಮೆಲೆ ಬಡೀತು ನೋಡ್ರಿ, ಸೈಕಲ್ ಮೊಳ ಎರಡು ಮೊಳ ಅಡ್ಡ ಸರದು ರಸ್ತೆ ಅಂಚಿಗೆ ಹೋತು. ಮೊಳಕೈ ಊರಿ ಕೂತಾಗ ಬ್ರೇಕ್ ಕೈಗೆ ಸಿಗೂದಿಲ್ಲ, ಅದು ಬ್ಯಾರೆ ಹಿಡಿಕಿ ಮ್ಯಾಲೆ ಇರ್ತದ. ಹ್ಯಾಂಗೋ ಬೀಳಲಿಲ್ಲ. ನನ್ನ ಕೈ ಮಾತ್ರ ಮನಿಗೆ ಬಂದ್ರೂ ನಡಗತಿದ್ದು ನಿಂತಿದ್ದಿಲ್ಲ, ಆವತ್ತಿನ ರೊಟ್ಟಿ ಒಂದೂ ದುಂಡಗ ಬರಲಿಲ್ಲ.

ಮಾಳಗಿ ಮ್ಯಾಲೆ ಅರಿವಿ ಹಾಕಾವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದ ಗಾಳಿಗೆ ಕರವಸ್ತ್ರ ಸುಮ್ನ ಹಾರಾಡ್ತದ, ಸೀರಿ ಹಗ್ಗಾನ ಕಿತ್ತಗೊಂಡು ಹೋಗ್ತದ. ರಿಮ್ ಎತ್ತರ ಆದಷ್ಟೂ ಅಡ್ಡಗಾಳಿ ಹಿಡಿಯೂ ಜಾಗ ಜಾಸ್ತಿ. ಮುಂದಿನ ಗಾಲಿ ಹಿಡಿಕಿ ಜೋಡಿ ತಿರಗ್ತದ, ಅದಕ್ಕ ಬಡಿದ ಗಾಳಿ ಸೀದಾ ಕೈಗೆ ಬರ್ತದ. ಹಿಂದಿನ ಗಾಲಿ ಹಂಗ ತಿರುಗೂದಿಲ್ಲ, ಮೈಭಾರ ಭಾಳಷ್ಟು ಅದರ ಮ್ಯಾಲೆ ಇರ್ತದ. ಅದಕ್ಕ ಗಾಳಿ ಬಡದ್ರ ದೂಡ್ತದ ಖರೆ, ದಾರಿ ತಪ್ಪಿಸೂದು ಕಡಿಮಿ. ಆ ಗೆಳ್ಯಾ ಎಂಬತ್ತು ಕೆಜಿ ಆಳು. ನಮ್ಮಾಕಿ ಐವತ್ತೊಂದು.

ಅಂಗಡಿಯಾಂವ ಇದನ್ನ ಕೇಳಲೇ ಇಲ್ಲ. "ಅಕ್ಕಾರ, ಎಂಬತ್ತರದ್ದ ಒಯ್ರಿ, ಎಲ್ಲಾರೂ ಅದನ್ನ ಒಯ್ತಾರ" ಅಂದ. "ಎಲ್ಲಾರೂ ಅಂದ್ರ ಎಷ್ಟು ಕೆಜಿಯವರಪ್ಪಾ?" ಅಂದೆ. ನಕ್ಕ. ನನ್ನ ಸಿಟ್ಟು ಇಲ್ಲೇ ಇರೋದು. ಬ್ಲೌಸ್ ಹೊಲಸಾಕ ಹೋದ್ರ ಅಳತಿ ತೊಗೋತಾರ. ಇಷ್ಟು ರೊಕ್ಕದ ಗಾಲಿ ಮಾರಾವರು ಏರಾಕಿ ತೂಕ ಕೇಳೂದಿಲ್ಲ, ಎಲ್ಲಿ ಗಾಳಿಯೊಳಗ ಓಡಸ್ತಿ ಅಂತ ಕೇಳೂದಿಲ್ಲ. ಗಂಡಸರ ಮೈಗೆ ಸರಿಹೋದದ್ದು ಸಣ್ಣ ಮೈಯವರಿಗೂ ಸರಿ ಅಂತ ಕಟ್ಟಿ ಕೊಡ್ತಾರ.

ಮಗಳ ವಾದಾನೂ ಪೂರ್ತಿ ಸುಳ್ಳಲ್ಲ, ನ್ಯಾಯವಾಗಿ ಹೇಳಬೇಕು. "ಅವ್ವಾ, ನಿಧಾನ ಹೋಗಾವರಿಗೆ ಇಂಥಾ ಗಾಲಿ ಬೇಕಿಲ್ಲ ಅಂತಾರ, ಅದು ತಪ್ಪು. ನಾವು ರಸ್ತೆ ಮ್ಯಾಲೆ ಜಾಸ್ತಿ ಹೊತ್ತು ಇರ್ತೀವಿ, ಉಳಿಯೂ ನಿಮಿಷ ನಮಗ ಜಾಸ್ತಿ" ಅಂದ್ಲು. ಲೆಕ್ಕ ಹಾಕಿ ನೋಡಿದೆ, ಖರೇನ ಅದ. ಆದ್ರ ಆ ಉಳಿತಾಯ ಬಗ್ಗಿ ಕೂತಾಗಷ್ಟ. ಗಾಳಿ ಬಂತು ಅಂತ ಅಂಜಿ ಎದ್ದು ಕೂತು ಬ್ರೇಕ್ ಹಿಡಕೊಂಡು ಹೋದ್ರ ಎದಿ ಪೂರ್ತಿ ಗಾಳಿಗೆ ತೆರದಂಗ. ಗಾಳಿ ತಡಿಯೂದ್ರಾಗ ದೊಡ್ಡ ಪಾಲು ನಮ್ಮ ಮೈದು, ಗಾಲೀದು ಸಣ್ಣದು. 80ರ ಗಾಲಿ ಗಳಿಸಿಕೊಟ್ಟದ್ದನ್ನ ಅಂಜಿಕಿ ತಿಂದುಬಿಡ್ತದ.

ಇದನ್ನ ನಾ ಒಬ್ಬಾಕಿ ಹೇಳೂದಲ್ಲ. ಹವಾಯಿ ದ್ವೀಪದ ಕೋನಾ ಅಂತ ಊರಾಗ ಐರನ್‌ಮ್ಯಾನ್ ಜಾಗತಿಕ ಸ್ಪರ್ಧೆ ನಡೀತದ. ಅಲ್ಲಿ ಅಡ್ಡಗಾಳಿ ಎಷ್ಟು ಕೆಟ್ಟದ್ದಂದ್ರ ಹಿಂದಿನ ಗಾಲಿಗೂ ಡಿಸ್ಕ್ ಹಾಕೂಹಂಗಿಲ್ಲ ಅಂತ ಭಾಳ ವರ್ಷ ನಿಯಮ ಇಟ್ಟಿದ್ರು. ಜಗತ್ತಿನ ಗಟ್ಟಿ ಆಳುಗಳಿಗೇ ಬ್ಯಾಡ ಅಂದ ಮ್ಯಾಲೆ ನಮ್ಮಾಕಿದು ಯಾವ ಲೆಕ್ಕ.

ಹಿಂಗಾಗಿ ಮುಂದ 50ರ ಒಂದ ಗಾಲಿ ತೊಗೊಂಡ್ವಿ. ಹಿಂದ ಆಕಿ ಹಳೇ ಅಲ್ಯುಮಿನಿಯಂ ಗಾಲೀನ, ಅದಕ್ಕ ಪ್ಲಾಸ್ಟಿಕ್ ಮುಚ್ಚಳ. ಹಪ್ಪಳದ ಡಬ್ಬಿಗೆ ಮುಚ್ಚಳ ಹಾಕಿದಂಗ ಎರಡೂ ಬಾಜೂ ಕೂಡ್ತದ. ಡಿಸ್ಕಿನ ಲಾಭ ಭಾಳಷ್ಟು ಅದರಾಗ ಬರ್ತದ, ಹಿಂದಿನ ಗಾಲಿಗೆ ನಿಯಮದಾಗೂ ನಡೀತದ, ಭಾಳ ಗಾಳಿ ಇದ್ದ ದಿವಸ ತೆಗೆದಿಟ್ರ ಆತು. ಉಳಿದ ರೊಕ್ಕದಾಗ ಛಲೋ ಟಾಯರ್, ಮತ್ತ ಸೈಕಲ್ ಮ್ಯಾಲೆ ಮೈ ಹ್ಯಾಂಗ ಕೂಡಸಬೇಕು ಅಂತ ಅಳತಿ ಮಾಡಿ ತೋರಸಾವರ ಫೀ. ನನ್ನ ಕೇಳಿದ್ರ ಮೊದಲು ಮಾಡೂದ ಇದು. ಮೈ ಸರಿ ಕೂಡದ ಗಾಲಿ ಏನು ಮಾಡೀತು.

ಇನ್ನೂ ಎರಡು ಮಾತು ಅಂಗಡಿಯಾಗ ಕೇಳಲಿಕ್ಕೇಬೇಕು. ಹೊಸ ರಿಮ್ ಕೆಲವಕ್ಕ ಟಾಯರ್ ಹಿಡಕೊಳ್ಳೂ ಒಳಗಿನ ಕೊಕ್ಕಿ ಇರೂದಿಲ್ಲ. ಅಂಥಾವಕ್ಕ 72.5 ಪಿಎಸ್‌ಐಗಿಂತ ಜಾಸ್ತಿ ಗಾಳಿ ತುಂಬೂಹಂಗಿಲ್ಲ, ರಿಮ್ ಮಾಡಿದವರು ಒಪ್ಪಿದ ಟಾಯರ್ ಅಷ್ಟ ಹಾಕಬೇಕು. ನಮ್ಮ ಓಣಿ ಸೈಕಲ್ ಅಂಗಡಿ ಅಜ್ಜಾ ಹೆಬ್ಬೆರಳಿಲೆ ಒತ್ತಿ "ಇನ್ನ ಸ್ವಲ್ಪ ಹೊಡೀಲ್ಯಾ" ಅನ್ನಾವರು! ಅದಕ್ಕ ಕೊಕ್ಕಿ ಇದ್ದದ್ದ ತೊಗೊಂಡ್ವಿ. ಇನ್ನೊಂದು, ಆಕಿ ಹಳೇ ಸೈಕಲ್ಲಿಗೆ ಬ್ರೇಕ್ ರಿಮ್ಮಿಗೇ ಹಿಡೀತದ. ಕಾರ್ಬನ್ ರಿಮ್ಮಿಗೆ ಬ್ರೇಕಿನ ರಬ್ಬರ್ ಬ್ಯಾರೆ ಬೇಕು. ಅಲ್ಯುಮಿನಿಯಂ ಗಾಲಿಗೆ ಹಾಕಿದ್ದನ್ನ ಇದಕ್ಕ ಹಾಕಿದ್ರ ಅದರಾಗ ಸಿಕ್ಕ ಚೂರು ರಿಮ್ ಕೆರೀತಾವ. ಘಾಟ ಇಳಿಯೂವಾಗ ಬ್ರೇಕ್ ಹಿಡದ ಹಿಡದ ಕಾರ್ಬನ್ ಕಾಯ್ದು ಕೆಡೂದೂ ಅದ. ಅನಮೋಡ ಘಾಟಿಗೆ ಹೋಗೂದಿದ್ರ ಮುಂದ ಹಳೇ ಗಾಲೀನ ಹಾಕಬೇಕು ಅಂತ ಕರಾರು ಮಾಡಿಸಿಕೊಂಡೀನಿ.

ಕಿವಿಯಾಗಿನ ಮಾತಿಗೆ ಬರ್ತೀನಿ ವೈನಿ. ಅವನ್ನ ಮಾಡಿಸಿದ್ರ ಲಾಕರಿನಾಗ ಇರ್ತಿದ್ವು, ವರ್ಷಕ್ಕ ಒಂದು ಮದವಿಗೆ ಹೊರಗ ಬರ್ತಿದ್ವು. ಈ ಗಾಲಿ ದಿನಾ ಬೆಳಿಗ್ಗೆ ಐದಕ್ಕ ಹೊರಗ ಹೋಗ್ತದ. ನಾ ಆ ವಯಸ್ಸಿನಾಗ ಬಾಡಿಗಿ ಸೈಕಲ್ ಕಲೀಬೇಕಂದಾಗ "ಕಾಲು ಮುರಕೊಂಡ್ರ ಯಾರು ಮಾಡಕೋತಾರ" ಅಂತ ಇಳಿಸಿಬಿಟ್ಟಿದ್ರು. ಆ ಮಾತು ಆಕಿಗೆ ಯಾರೂ ಅನಬಾರದು. ನಾ 80ರದ್ದು ಬ್ಯಾಡ ಅಂದಾಗ ಆಕಿಗೆ ಅದ ಮಾತಿನಂಗ ಕೇಳಸಿತ್ತಂತ, ಆಮ್ಯಾಲೆ ಹೇಳಿದ್ಲು. ಅದಕ್ಕ ಆ ಹದಿನೈದು ದಿವಸದ ಸಿಟ್ಟು.

ಮೊನ್ನೆ ಭಾನುವಾರ ಫೋನ್ ಮಾಡಿದ್ಲು. ಗಾಳಿ ಜೋರಿತ್ತಂತ, 90 ಕಿಲೋಮೀಟರ್ ಹೊಡದ್ಲಂತ. "ಎದ್ದು ಕೂತೇನ ನಡುವ?" ಅಂದೆ. "ಎರಡ ಸಲ, ಅದೂ ನೀರು ಕುಡಿಲಿಕ್ಕೆ" ಅಂದ್ಲು. ಹಿಂದಿನ ಮುಚ್ಚಳ ಬೆಳ್ಳಗ ಬೋಳು ಕಾಣ್ತದ, ಏನರ ಚಿತ್ರ ತೆಗೀಬೇಕಂತ. ವೈನಿ, ನಿಮ್ಮ ರಂಗೋಲಿ ಕೈ ಛಲೋ ಅದ, ಮುಂದಿನ ತಿಂಗಳ ಭಿಶಿಗೆ ಬಂದಾಗ ಒಂದು ನಕಾಶಿ ತೆಗೆದು ಕೊಡ್ರಿ.